ಸಾಹೇಬರ ಲಾನಿಗೆ ಒಂದು ಬೊಗಸೆ ಯೂರಿಯಾ

ಒಂದು ಬೊಗಸೆ ಯೂರಿಯಾ ಗಂಡ ಹೆಂಡಿರ ನಡುವೆ ಬಂದು ನಿಲ್ಲುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ಮಾನ್ವಿಯ ನೀರಾವರಿ ಕ್ಯಾಂಪಿನ ಗುಮಾಸ್ತ ಮೌನಪ್ಪನೂ ನಂಬಿರಲಿಲ್ಲ. ಎಪ್ಪತ್ತೊಂಬತ್ತನೆಯ ಇಸವಿಯ ಡಿಸೆಂಬರಿನ ಒಂದು ಗುರುವಾರ ಬೆಳಿಗ್ಗೆ ಪ್ರವಾಸಿ ಮಂದಿರದ ಮುಂದಿನ ಲಾನನ್ನು ನೋಡಿದ ಮೇಲೆ ನಂಬಿದ.

ಹಸಿರು ಹುಲ್ಲಿನ ಮೇಲೆ ಅಲ್ಲಲ್ಲಿ ಹೋಳಿಗೆಯಷ್ಟು ಅಗಲದ ಸುಟ್ಟ ಕಲೆಗಳು ಎದ್ದಿದ್ದವು. ಎಣಿಸಿದ, ಇಪ್ಪತ್ಮೂರು. ಸಂಜೆ ನಾಲ್ಕಕ್ಕೆ ರಾಯಚೂರಿನಿಂದ ದೊಡ್ಡ ಸಾಹೇಬರು ಬರುವವರಿದ್ದರು.

ಆಗಿನ ಮಾನ್ವಿಯ ಚಳಿಗಾಲವೇ ಬೇರೆ ಬಿಡಿ. ಕಾಲುವೆ ತುಂಬಿ ಹರಿಯುತ್ತಿತ್ತು, ಹೊಸ ಭತ್ತದ ವಾಸನೆ ಬಸ್‌ಸ್ಟ್ಯಾಂಡಿನವರೆಗೂ ಬರುತ್ತಿತ್ತು. ಕ್ಯಾಂಪಿನಲ್ಲಿ ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಹತ್ತು ಮನೆಯವರು ಸೀನುತ್ತಿದ್ದರು. ಯಾರಿಗೂ ಅವಸರವಿರಲಿಲ್ಲ. ಹಾಗಾಗಿ ಇನ್ನೊಬ್ಬರ ಕೆಲಸದಲ್ಲಿ ಕೈಯಾಡಿಸಲು ಎಲ್ಲರಿಗೂ ಬೇಕಾದಷ್ಟು ಪುರುಸೊತ್ತಿತ್ತು.

ಆ ದೊಡ್ಡ ಸಾಹೇಬರು ಮೈಸೂರು ಕಡೆಯವರು. ಕಾಲುವೆ ಒಡೆದರೂ ಅಷ್ಟಾಗಿ ಸಿಟ್ಟಾಗುತ್ತಿರಲಿಲ್ಲ, ಲಾನು ಒಣಗಿದರೆ ಮಾತ್ರ ಮೈಮೇಲೆ ದೇವರು ಬಂದಂತೆ ಕುಣಿಯುತ್ತಿದ್ದರು. ಯಾವ ಕ್ಯಾಂಪಿಗೆ ಹೋದರೂ ಹುಲ್ಲಿನ ಮೇಲೆ ಕುರ್ಚಿ ಹಾಕಿಸಿಕೊಂಡು ಚಹಾ ಕುಡಿದ ಮೇಲೆಯೇ ಫೈಲು ಮುಟ್ಟುತ್ತಿದ್ದರು. ಮಾನ್ವಿಯ ಲಾನನ್ನು ಹತ್ತು ವರ್ಷದಿಂದ ಸಾಕಿದ್ದವನು ಮಾಲಿ ಗುಲಾಮ್ ದಸ್ತಗೀರ್. ತಂಗಿಯ ಮಗಳ ಮದುವೆಗೆಂದು ಅವನು ರಾಯಚೂರಿಗೆ ಹೊರಟಾಗ ಕ್ಯಾಂಪಿನ ಇಂಜಿನಿಯರು ಮರಿಸ್ವಾಮಿ ಲಾನಿನ ಉಸ್ತುವಾರಿಯನ್ನು ಮೌನಪ್ಪನ ಕೊರಳಿಗೆ ಕಟ್ಟಿದ್ದರು.

"ಇದೊಂದು ಚಂದ ಮಾಡು ಮೌನಪ್ಪ. ಸಾಹೇಬ್ರು ಖುಷಿಲಿಂದ ಚಾ ಕುಡಿಯೋ ಹೊತ್ತಿಗೆ ನಿನ್ನ ದೇವದುರ್ಗದ ವರ್ಗದ ಅರ್ಜಿ ಮುಂದ ಇಡತೀನಿ. ಅವರು ಸಿಟ್ಟಿಗೆದ್ರು ಅಂದ್ರ ನೀ ಯಾರೋ ನಾ ಯಾರೋ" ಎಂದಿದ್ದರು.

ದೇವದುರ್ಗ! ಮೌನಪ್ಪನ ಹೆಂಡತಿ ಅಮರಮ್ಮ ಅಲ್ಲಿ ಪ್ರಾಥಮಿಕ ಶಾಲೆಯ ಟೀಚರು. ಮೂರು ವರ್ಷದಿಂದ ಅವನದು ಶನಿವಾರದ ಸಂಸಾರ. ಮಧ್ಯಾಹ್ನ ಕಚೇರಿ ಮುಗಿಸಿ, ಸಿರವಾರದ ಮೇಲೆ ಹಾಯ್ದು ಹೋಗುವ ಕೆಂಪು ಬಸ್ಸಿನಲ್ಲಿ ಧೂಳು ಕುಡಿದು ಮನೆ ಸೇರಬೇಕು, ಸೋಮವಾರ ನಸುಕಿನಲ್ಲಿ ಅದೇ ಧೂಳಿನಲ್ಲಿ ತಿರುಗಿ ಬರಬೇಕು. ಎರಡು ವರ್ಷದ ಮಗಳು ಅವನನ್ನು "ಮಾಮಾ" ಎಂದು ಕರೆದು ತಾಯಿಯ ಸೆರಗಿನ ಹಿಂದೆ ಅಡಗುತ್ತಿದ್ದಳು. ಕ್ಯಾಂಪಿನವರಿಗೆ ಇದನ್ನು ಹೇಳಿ ನಗುತ್ತಿದ್ದ ಮೌನಪ್ಪ, ಬಸ್ಸಿನಲ್ಲಿ ಒಬ್ಬನೇ ಕೂತಾಗ ಕಣ್ಣು ಒರೆಸಿಕೊಳ್ಳುತ್ತಿದ್ದ.

ಅಂಥವನಿಗೆ ಸೋಮವಾರ ಸಂಜೆ ವಿರೂಪಣ್ಣ ಗಂಟುಬಿದ್ದ. ಕ್ಯಾಂಪಿನ ಪಕ್ಕದ ರೈಸ್‌ಮಿಲ್ಲು ಅವನದು, ಗೊಬ್ಬರದ ಅಂಗಡಿಯೂ ಅವನದೇ.

"ಹುಲ್ಲಂದ್ರ ಭತ್ತದ ತಮ್ಮ ಇದ್ದಂಗ ತಮ್ಮಾ. ನಾಕು ಬೊಗಸಿ ಯೂರಿಯಾ ಒಗಿ. ಗುರುವಾರಕ್ಕ ಹೆಂಗ ಕರ್ರಗ ಏಳತದ ನೋಡು!" ಎಂದು ತಾನೇ ಅರ್ಧ ಬುಟ್ಟಿ ಕಳಿಸಿಕೊಟ್ಟ.

ಗದ್ದೆಯಲ್ಲಿ ಒಗೆದಂತೆಯೇ ಮೌನಪ್ಪ ಬೊಗಸೆ ತುಂಬಿ ಒಗೆದ. ಭತ್ತದ ಸೀಮೆಯಲ್ಲಿ ಚಿಕ್ಕ ಮಕ್ಕಳಿಗೂ ಬರುವ ಕೆಲಸವದು. ಗದ್ದೆಯಲ್ಲಿ ಗೇಣು ನೀರು ನಿಂತಿರುತ್ತದೆ, ಲಾನಿನಲ್ಲಿ ಇರುವುದಿಲ್ಲ ಎಂಬುದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ. ಬುಧವಾರ ಹುಲ್ಲಿನ ಬಣ್ಣ ತಿರುಗಿದಾಗ ಗಾಬರಿಯಾಗಿ ಕೊಡಗಟ್ಟಲೆ ನೀರು ಹೊಯ್ದ. ಯೂರಿಯಾದ ಉಪ್ಪೆಲ್ಲ ತೊಳೆದು ಹೋಯಿತು, ಕಲೆ ಹೋಗಲಿಲ್ಲ.

ಗುರುವಾರ ಬೆಳಿಗ್ಗೆ ಬಸ್ಸಿಳಿದು ಬಂದ ದಸ್ತಗೀರ್ ಲಾನನ್ನು ನೋಡಿ ಕೈಚೀಲ ಕೆಳಗೆ ಬಿಟ್ಟ.

"ಯಾ ಅಲ್ಲಾ! ಏನ್ ಮಾಡಿದಿ ಬಾಬು? ಹತ್ತು ವರ್ಷ ಬರೇ ಕುರಿ ಗೊಬ್ಬರ ಹಾಕಿ ಕೂಸಿನಂಗ ಬೆಳಸೀನಿ. ಯಾವ ಹರಾಮಿ ಔಷಧ ಹಾಕ್ದ ಇದಕ್ಕ?"

ಅಷ್ಟರಲ್ಲಿ ಬೇವಿನಕಡ್ಡಿ ಜಗಿಯುತ್ತ ವಿರೂಪಣ್ಣ ಬಂದ.

"ಔಷಧದ್ದೇನು ತಪ್ಪಿಲ್ಲ ಸಾಬಾ. ಇಂವ ಕಮ್ಮಿ ಹಾಕ್ಯಾನ. ಇನ್ನೊಂದು ಬುಟ್ಟಿ ಹಾಕಿದ್ರ ಕಲೆನ ಕಾಣ್ತಿದ್ದಿಲ್ಲ."

"ಹೌದ್ರಿ, ಪೂರಾ ಸುಟ್ಟಮ್ಯಾಲ ಕಲೆ ಎಲ್ಲಿ ಕಾಣ್ತದ? ನಿಮ್ಮ ಯೂರಿಯಾ ಅಂದ್ರ ಸೆರೆ ಇದ್ದಂಗ್ರಿ ಸಾವ್ಕಾರ್ರ. ಒಂದಿನ ಕುಣಿಸ್ತದ, ಮರುದಿನ ಮಲಗಸ್ತದ."

"ನಿಮ್ಮ ಕುರಿ ಗೊಬ್ಬರ ನಂಬಿ ಕುಂತಿದ್ರ ಈ ದೇಶ ಅನ್ನ ಉಣ್ತಿತ್ತೇನು?"

"ಯಪ್ಪಾ, ನಿಮ್ಮ ಕಾಲಿಗಿ ಬೀಳ್ತೀನಿ" ಎಂದು ಮೌನಪ್ಪ ನಡುವೆ ಬಂದ. "ದೇಶದ ಮಾತು ನಾಳಿಗಿ ಆಡ್ರಿ. ನಾಕಕ್ಕ ಸಾಹೇಬ್ರು ಬರಾಕತ್ಯಾರ. ನನ್ನ ಹೆಣ್ತಿ ಮಕ್ಕಳ ಮಾರಿ ನೋಡಿ ಏನಾರ ದಾರಿ ಹೇಳ್ರಿ."

ಮರಿಸ್ವಾಮಿಯವರೂ ಬಂದು ನೋಡಿದರು. "ನಾ ಏನೂ ನೋಡಿಲ್ಲ" ಎಂದವರೇ ಕಚೇರಿಗೆ ಹೋಗಿ ಬಾಗಿಲು ಹಾಕಿಕೊಂಡರು.

ದಾರಿ ಹೇಳಿದವನು ದಸ್ತಗೀರ್. ಪೋತ್ನಾಳದ ಕಡೆಯಿಂದ ಬಂದ ಕುರಿಗಾರ ಅಂಬಣ್ಣ ಕ್ಯಾಂಪಿನ ಹಿಂದಿನ ಕೊಯ್ದ ಗದ್ದೆಯಲ್ಲಿ ಹಿಂಡು ಇಳಿಸಿದ್ದ. ಅವನ ಕಡೆಯಿಂದ ಎರಡು ಬುಟ್ಟಿ ಕುರಿ ಹಿಕ್ಕಿ ತಂದು ಕಲೆಗಳ ಮೇಲೆ ಉದುರಿಸುವುದು, ಕೇಳಿದರೆ "ಈಗಷ್ಟೇ ಗೊಬ್ಬರ ಕೊಟ್ಟೀವ್ರಿ" ಎನ್ನುವುದು. ಮೌನಪ್ಪನಿಗೆ ಹೋದ ಜೀವ ಬಂದಂತಾಯಿತು. ಓಡಿಹೋಗಿ ಅಂಬಣ್ಣನಿಗೆ, "ಲಾನಿಗಿ ಕುರಿ ಗೊಬ್ಬರ ಬೇಕಾಗ್ಯಾದ, ಎರಡು ಸೇರು ಜ್ವಾಳ ಕೊಡತೀನಿ" ಎಂದು ಹೇಳಿ ಬಂದ. ದಸ್ತಗೀರ್ ನಮಾಜಿಗೆ ಹೋದ. ಮೌನಪ್ಪ ತನ್ನ ಅರ್ಜಿಯನ್ನು ದುಂಡಗಿನ ಅಕ್ಷರದಲ್ಲಿ ಇನ್ನೊಮ್ಮೆ ಬರೆಯಲು ಕೂತ.

ಆ ಸೀಮೆಯಲ್ಲಿ ಕುರಿ ಗೊಬ್ಬರ ಬೇಕು ಎಂದರೆ ಯಾರೂ ಬುಟ್ಟಿ ಹಿಡಿದು ಬರುವುದಿಲ್ಲ. ಹಿಂಡನ್ನೇ ತಂದು ಹೊಲದಲ್ಲಿ ನಿಲ್ಲಿಸುತ್ತಾರೆ. ತಾತ ಮುತ್ತಾತರ ಕಾಲದಿಂದ ನಡೆದು ಬಂದ ಪದ್ಧತಿ. ಮೌನಪ್ಪನಿಗೂ ಅದು ಚೆನ್ನಾಗಿ ಗೊತ್ತಿತ್ತು, ಆದರೆ ಅವನ ತಲೆಯ ತುಂಬ ದೇವದುರ್ಗವಿತ್ತು.

ಮೂರೂಕಾಲಿಗೆ ಅರ್ಜಿ ಮಡಚಿಕೊಂಡು ಹೊರಗೆ ಬಂದರೆ ಲಾನೇ ಕಾಣಲಿಲ್ಲ. ಬರೀ ಕುರಿ, ನೂರೆಂಬತ್ತು ಕುರಿ! ಕರಕರ ಮೇಯುವ ಸದ್ದು ಬಿಟ್ಟರೆ ಇಡೀ ಕ್ಯಾಂಪು ಶಾಂತವಾಗಿತ್ತು. ನಡುವೆ ಕೋಲಿಗೆ ಗದ್ದ ಊರಿ ಅಂಬಣ್ಣ ನಿಂತಿದ್ದ.

"ಏ ಅಂಬಣ್ಣಾ! ಏನ್ಲೇ ಇದು? ಹೊಡಿ, ಹೊರಗ ಹೊಡಿ!"

"ಯಾಕ್ರಿ ಯಪ್ಪಾ? ಗೊಬ್ಬರ ಬೇಕು ಅಂದ್ರಲ್ಲ? ಒಂದು ತಾಸು ನಿಂತಾವ, ಚಲೋತ್ನಾಗಿ ಕೊಟ್ಟಾವ. ಹುಲ್ಲು ಮಾತ್ರ ಭಾಳ ರುಚಿ ಇರಬೇಕು, ಒಂದೂ ತಲಿ ಎತ್ತವಲ್ವು ನೋಡ್ರಿ."

ನಮಾಜು ಮುಗಿಸಿ ಬಂದ ದಸ್ತಗೀರ್ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತ. ಮೌನಪ್ಪ ಟವೆಲು ಬೀಸುತ್ತ ಹುಚ್ಚನಂತೆ ಓಡಾಡಿದ. ಹಿಂಡು ಹೊರಬಿದ್ದು ಕಾಲುವೆಯ ಏರಿ ಹತ್ತಿ ಮರೆಯಾಗುವುದಕ್ಕೂ ಗೇಟಿನೊಳಗೆ ಜೀಪು ನುಗ್ಗುವುದಕ್ಕೂ ಸರಿಹೋಯಿತು.

ಸಾಹೇಬರು ಇಳಿದರು. ಲಾನಿನ ಅಂಚಿಗೆ ಬಂದು ನಿಂತರು. ಬಗ್ಗಿದರು. ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದರು. ಮೌನಪ್ಪ ಕಣ್ಣು ಮುಚ್ಚಿ ಮನೆದೇವರನ್ನು ನೆನೆದ.

"ಅಬ್ಬಬ್ಬಾ! ಒಂದೇ ಸಮ! ಬೆರಳಿಟ್ಟು ಅಳೆದ ಹಾಗೆ ಕತ್ತರಿಸಿದ್ದೀರಲ್ರೀ! ರಾಯಚೂರಲ್ಲಿ ಇಬ್ಬರು ಮಾಲಿ, ಒಂದು ಮಷೀನು ಇದೆ. ಒಂದು ದಿನವೂ ಹೀಗೆ ಬರಲಿಲ್ಲ. ಮೇಲೆ ಎಷ್ಟು ಹದವಾಗಿ ಕುರಿ ಗೊಬ್ಬರ ಉದುರಿಸಿದ್ದೀರಿ! ಯಾರ್ರೀ ಮಾಡಿದ್ದು?"

ಸುಟ್ಟ ಕಲೆ, ಹಸಿರು ಹುಲ್ಲು, ಎರಡನ್ನೂ ಕುರಿಗಳು ಬುಡಕ್ಕೆ ನುಣ್ಣಗೆ ಮೇದಿದ್ದವು. ಉಳಿದ ಗುರುತನ್ನು ಹಿಕ್ಕಿ ಮುಚ್ಚಿತ್ತು.

"ನನ್ನ ಗೊಬ್ಬರ್ರಿ ಸಾಬ್" ಎಂದು ದಸ್ತಗೀರ್ ಕಟ್ಟೆಯಿಂದ ಎದ್ದೇಬಿಟ್ಟ. "ಮೊದಲು ನಮ್ಮ ಯೂರಿಯಾ ಬಿದ್ದಿತ್ರಿ" ಎಂದು ಕಾಂಪೌಂಡಿನ ಆಚೆಯಿಂದ ವಿರೂಪಣ್ಣ ಕೂಗಿದ. ಬಾಗಿಲು ತೆರೆದು ಬಂದ ಮರಿಸ್ವಾಮಿ, "ನಮ್ಮ ಮೌನಪ್ಪನ ಕೈಗುಣ ಸರ್" ಎಂದು ಇದೇ ಸುಸಮಯವೆಂದು ಅವನ ಕೈಯಿಂದ ಅರ್ಜಿ ಕಸಿದು ಸಾಹೇಬರ ಮುಂದೆ ಹಿಡಿದರು.

ಸಾಹೇಬರು ಓದಿದರು, ಹುಬ್ಬೇರಿಸಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ದೇವದುರ್ಗಕ್ಕೆ ವರ್ಗ ಬೇಕಂತೆ! ತಾನಾಗಿ ಯಾರ್ರೀ ಕೇಳ್ತಾರೆ ಆ ಕೊಂಪೆನ? ಗೊತ್ತಾಯ್ತು ಬಿಡಿ. ಸುದ್ದಿ ನಿಮ್ಮ ಕಿವಿಗೂ ಬಿದ್ದಿದೆ. ಶಿಕ್ಷೆ ಅನ್ನಿಸಿಕೊಂಡು ಹೋಗೋ ಬದಲು ಮರ್ಯಾದೆಯಾಗಿ ಹೋಗೋಣ ಅಂತ ಅಲ್ವಾ?"

"ಯಾವ ಸುದ್ದಿರೀ ಸರ್?"

ಸಾಹೇಬರು ಕೋಟಿನ ಜೇಬಿನಿಂದ ಟೈಪು ಮಾಡಿದ ಹಾಳೆಯೊಂದನ್ನು ತೆಗೆದರು. ಕೆಳಗೆ ಸಹಿ ಇತ್ತು, ಕಚೇರಿಯ ಮೊಹರೂ ಇತ್ತು. "ಬೆಳಿಗ್ಗೆ ಮರಿಸ್ವಾಮಿ ಟ್ರಂಕ್ ಕಾಲ್ ಮಾಡಿ, ಗುಮಾಸ್ತ ಲಾನು ಸುಟ್ಟಿದ್ದಾನೆ, ನನ್ನದೇನೂ ತಪ್ಪಿಲ್ಲ ಅಂದ್ರು. ನನಗೆ ಮೈಯೆಲ್ಲ ಉರಿದುಹೋಯ್ತು. ನಿಂತ ಕಾಲಲ್ಲೇ ನಿಮ್ಮನ್ನ ದೇವದುರ್ಗಕ್ಕೆ ಎತ್ತಿಹಾಕಿ ಆರ್ಡರ್ ಟೈಪ್ ಮಾಡಿಸಿದೆ. ನಾಳೆಯೇ ಅಲ್ಲಿ ಹಾಜರಾಗಬೇಕಿತ್ತು ನೀವು! ಬಂದು ನೋಡಿದ್ರೆ ಅದು ಬರೀ ಸುಳ್ಳು!"

ಮೌನಪ್ಪ ಎರಡೂ ಕೈ ಮುಗಿದ. "ಅದು ಖರೇ ಅದರೀ ಸರ್! ನಾನ ಸುಟ್ಟೀನ್ರೀ! ಇಪ್ಪತ್ಮೂರು ಕಲೆ ಇದ್ವು, ಕುರಿ ಬಂದು ಮೇದು ಹೋಗ್ಯಾವ್ರೀ! ನನ್ನ ಕ್ಷಮಿಸಬ್ಯಾಡ್ರಿ, ದಯಮಾಡಿ ಶಿಕ್ಷಾ ಕೊಡ್ರಿ!"

"ನೋಡಿದ್ರಾ ಮರಿಸ್ವಾಮಿ, ಎಂಥ ವಿನಯ! ಕಷ್ಟಪಟ್ಟು ತಾನು ಮಾಡಿದ್ದನ್ನ ಕುರಿ ಮಾಡಿತು ಅಂತಾನೆ" ಎಂದು ಸಾಹೇಬರು ಅವನ ಬೆನ್ನು ತಟ್ಟಿದರು. "ಹೆದರಬೇಡಿ. ನಾನು ಈ ಜಿಲ್ಲೆಯಲ್ಲಿರೋವರೆಗೂ ಮಾನ್ವಿಯಿಂದ ನಿಮ್ಮನ್ನ ಯಾರೂ ಕದಲಿಸೋಹಾಗಿಲ್ಲ." ಹಾಗೆಂದು ಅರ್ಜಿಯನ್ನೂ ಆರ್ಡರನ್ನೂ ಸೇರಿಸಿ ಚೂರುಚೂರು ಹರಿದು ಗಾಳಿಗೆ ತೂರಿದರು.

ಚಹಾ ಮುಗಿಸಿ ಜೀಪು ಹತ್ತುವಾಗ ಸಾಹೇಬರು ಒಮ್ಮೆ ತಿರುಗಿ ನೋಡಿದರು. ಮೌನಪ್ಪ ಲಾನಿನಲ್ಲಿ ಮೊಣಕಾಲೂರಿ, ಹಿಕ್ಕಿಯ ನಡುವೆ ಬೆರಳಾಡಿಸುತ್ತ, ಸಹಿ ಇದ್ದ ಚೂರನ್ನು ಮೊಹರಿದ್ದ ಚೂರಿಗೆ ಹೊಂದಿಸಿ ನೋಡುತ್ತಿದ್ದ.

"ನೋಡ್ರೀ ಮರಿಸ್ವಾಮಿ" ಎಂದರು ಸಾಹೇಬರು ಗದ್ಗದರಾಗಿ, "ತನ್ನ ಲಾನಿನ ಮೇಲೆ ಒಂದು ಚೂರು ಕಾಗದ ಬಿದ್ದರೂ ಆ ಮನುಷ್ಯನಿಗೆ ತಡೆಯೋದಿಲ್ಲ!"