ಸೌರ ಕಾರಿಗೆ ನಾನು ಗೈಡ್ ಆದದ್ದು

ಹುಣಸೂರಿನ ಒಂದು ಪಾಲಿಟೆಕ್ನಿಕ್‌ನಲ್ಲಿ ನಾನು ಮೇಷ್ಟ್ರು. ಹನ್ನೊಂದು ವರ್ಷದಿಂದ ಸೌರಶಕ್ತಿಯ ಪಾಠ ಮಾಡುತ್ತಿದ್ದೇನೆ. ಸೂರ್ಯನಿಂದ ಬಲ್ಬಿನವರೆಗಿನ ಚಿತ್ರವನ್ನು ಬೋರ್ಡಿನ ಮೇಲೆ ಒಂದೇ ಉಸಿರಿಗೆ ಬರೆದುಬಿಡಬಲ್ಲೆ. ಹಾಗಾಗಿ ಎರಡನೇ ವರ್ಷದ ಐದು ಮಕ್ಕಳು ಬಂದು, "ಮೈಸೂರಲ್ಲಿ ಸೋಲಾರ್ ಕಾರಿನ ರೇಸ್ ಐತಂತೆ ಸಾರ್, ನಾವೂ ಒಂದು ಕಾರ್ ಮಾಡ್ತೀವಿ, ನೀವು ಗೈಡ್ ಆಗಿ" ಎಂದಾಗ ನಾನು ಯೋಚಿಸಲೇ ಇಲ್ಲ. ಯೋಚಿಸಬೇಕಿತ್ತು! ಜನ್ಮದಲ್ಲಿ ಒಂದು ಸೋಲಾರ್ ಪ್ಯಾನೆಲ್ಲನ್ನೂ ನಾನು ಕೈಯಲ್ಲಿ ಮುಟ್ಟಿದವನಲ್ಲ.

ಮನೆಯಲ್ಲಿ ಸುದ್ದಿ ಹೇಳಿದೆ. ಹೆಂಡತಿ ಜಯಾ ಒಗ್ಗರಣೆ ಸೌಟು ಹಿಡಿದುಕೊಂಡೇ ತಿರುಗಿ ನೋಡಿದಳು.

"ಮಿಕ್ಸಿ ಪ್ಲಗ್ ಸಡಿಲ ಆದ್ರೆ ಪಕ್ಕದ್ಮನೆಯವರನ್ನ ಕರೀತೀರಿ. ನೀವು ಕಾರ್ ಮಾಡ್ತೀರಾ?"

"ಮಾಡೋದು ಮಕ್ಕಳು ಕಣೇ. ನಾನು ಮಾರ್ಗದರ್ಶನ ಮಾಡ್ತೀನಿ."

"ಅಯ್ಯೋ ಪಾಪ, ಆ ಮಕ್ಕಳು!" ಎಂದಳು. ಅವಳಿಗೆ ತಾಂತ್ರಿಕ ಜ್ಞಾನ ಕಡಿಮೆ ಎಂದುಕೊಂಡೆ.

ತಂಡದ ಮುಂದಾಳು ಸವಿತಾ, ಕಂಪಲಾಪುರದ ಹುಡುಗಿ. ಅವರ ಹೊಲಕ್ಕೆ ಕಾಡುಹಂದಿ ನುಗ್ಗದಂತೆ ಸೋಲಾರ್ ಬೇಲಿ ಇದೆ. ಅದು ಕೆಟ್ಟರೆ ಪೆಟ್ಟಿಗೆ ಬಿಚ್ಚಿ ಸರಿ ಮಾಡುವವಳು ಇವಳೇ. ಬೆಳಗಿನ ಮೊದಲ ಬಸ್ಸಿಗೆ ಬಂದು ಕ್ಲಾಸಿನ ಹೊತ್ತಿನವರೆಗೂ ಕಾಲೇಜಿನ ಹಿಂದಿನ ಶೆಡ್ಡಿನಲ್ಲಿ ಕೂತು ವೈರಿಂಗ್ ಮಾಡುತ್ತಿದ್ದಳು. ಅವಳ ಜೊತೆಗಾರ ಬೆಟ್ಟದಪುರದ ಮಂಜ ವೆಲ್ಡಿಂಗ್ ನೋಡಿಕೊಂಡ. ನಾನು ದಿನಾ ಮಧ್ಯಾಹ್ನ ಊಟವಾದ ಮೇಲೆ ಶೆಡ್ಡಿಗೆ ಹೋಗಿ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಗುಡ್, ಗುಡ್" ಎಂದು ಮಾರ್ಗದರ್ಶನ ಮಾಡಿ ಬರುತ್ತಿದ್ದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹವೇ ಬೇಕಿರಲಿಲ್ಲ.

ನಾಲ್ಕು ತಿಂಗಳಿಗೆ ಕಾರು ಎದ್ದು ನಿಂತಿತು. ನೋಡಲು ಮಂಚಕ್ಕೆ ಸೈಕಲ್ ಚಕ್ರ ಹಾಕಿದ ಹಾಗಿತ್ತು, ಆದರೆ ಓಡಿತು! ಸವಿತಾ ಕಾಲೇಜಿನ ಮೈದಾನವನ್ನು ಮೂರು ಸುತ್ತು ಹಾಕಿ ಇಳಿದಳು. "ಓಡ್ತು ಕಣ್ಲಾ ಮಂಜ, ಓಡ್ತು!" ಎಂದು ಅವನ ಬೆನ್ನಿಗೆ ಗುದ್ದಿದಳು. ನಾನು ಅಲ್ಲಿದ್ದದ್ದು ಅವರಿಗೆ ನೆನಪೇ ಇರಲಿಲ್ಲ. ಸತ್ಯ ಹೇಳುತ್ತೇನೆ, ನನಗೆ ಹೊಟ್ಟೆಯುರಿಯಿತು. ಈ ಕಾರಿನಲ್ಲಿ ನನ್ನದು ಏನೂ ಇಲ್ಲವಲ್ಲ!

ಇರಬೇಕು ಎಂದು ತೀರ್ಮಾನಿಸಿದೆ.

ಮೊದಲ ಸುಧಾರಣೆ, ಅಲಂಕಾರ. ಸವಿತಾ ವೈರುಗಳ ತುದಿಗೆ ಕೆಂಪು, ಕಪ್ಪು ಟೇಪು ಸುತ್ತಿದ್ದಳು. "ಮಾರಮ್ಮನ ಗುಡಿ ದಾರ ಕಟ್ಟಿದಂಗಿದೆ. ಎಲ್ಲದಕ್ಕೂ ನಮ್ಮ ಕಾಲೇಜಿನ ನೀಲಿ ಬಣ್ಣದ ಟೇಪು ಸುತ್ತಿ" ಎಂದೆ.

"ಬ್ಯಾಡಿ ಸಾರ್. ಪ್ಲಸ್ ಯಾವ್ದು, ಮೈನಸ್ ಯಾವ್ದು ಗೊತ್ತಾಗಲ್ಲ."

"ನಿನಗೆ ಗೊತ್ತಿದೆಯಲ್ಲ?"

"ನಂಗೊತ್ತು ಸಾರ್. ಬ್ಯಾರೆಯವ್ರು ಮುಟ್ಟಿದ್ರೆ?"

"ಬೇರೆಯವರು ಯಾರು ಮುಟ್ಟುತ್ತಾರೆ?" ಎಂದು ನಕ್ಕೆ. ಆ ಬೇರೆಯವರು ಅವಳ ಎದುರಿಗೇ ನಿಂತಿದ್ದರು.

ಎರಡನೆಯದು, ಬೀಳ್ಕೊಡುಗೆ ಸಮಾರಂಭ. ಸ್ಪರ್ಧೆಗೆ ಎರಡು ದಿನ ಮುಂಚೆ ಕಾಲೇಜಿನ ಸಭಾಂಗಣದೊಳಗೆ ಕಾರನ್ನು ತಂದು ನಿಲ್ಲಿಸಿ, ಹಾರ ಹಾಕಿಸಿದೆ. ಮೈಕು, ಸ್ಪೀಕರು, ವೇದಿಕೆಯ ದೀಪ ಎಲ್ಲವನ್ನೂ ಕಾರಿನ ಬ್ಯಾಟರಿಗೇ ಕೊಡಿಸಿದೆ. "ಈ ಸಭೆ ಸೂರ್ಯನ ಕೃಪೆಯಿಂದ ನಡೆಯುತ್ತಿದೆ" ಎಂದು ನಾನು ಘೋಷಿಸಿದಾಗ ಭಾರೀ ಚಪ್ಪಾಳೆ ಬಿತ್ತು. ಸವಿತಾ ಪಕ್ಕಕ್ಕೆ ಬಂದು, "ಭಾಷಣ ಬೇಗ ಮುಗಿಸಕ್ಕೇಳಿ ಸಾರ್, ಬ್ಯಾಟ್ರಿ ಇಳೀತದೆ" ಎಂದು ಪಿಸುಗುಟ್ಟಿದಳು. ಮುಖ್ಯ ಅತಿಥಿಗಳು ಒಂದೂವರೆ ಗಂಟೆ ಮಾತಾಡಿದರು. ಅವರಾದರೂ ಪರವಾಗಿಲ್ಲ. ನಾನು ಎರಡು ಗಂಟೆ ಮಾತಾಡಿದೆ!

ಆಮೇಲೆ ಹಸಿರು ಬಾವುಟ ತೋರಿಸುವ ಕಾರ್ಯಕ್ರಮ. ಚಾಲಕನ ಸೀಟಿನಲ್ಲಿ ಸವಿತಾ ಕೂರಬೇಕಿತ್ತು. ಫೋಟೋಗೆ ಗಾಂಭೀರ್ಯ ಇರಲಿ ಎಂದು ಸೂಟು ಹಾಕಿಕೊಂಡಿದ್ದ ನಾನೇ ಕೂತೆ. ಅತಿಥಿಗಳು ಬಾವುಟ ಬೀಸಿದರು. ಕಾರು ಸಭಾಂಗಣದ ಬಾಗಿಲವರೆಗೆ ಹೋಗಿ, ಹೊಸ್ತಿಲ ಹತ್ತಿರ ನಿಟ್ಟುಸಿರಿನಂಥ ಒಂದು ಸದ್ದು ಮಾಡಿ ನಿಂತಿತು.

ಸಭೆಗೆ ಬಂದಿದ್ದ ಊರಿನ ಜನ ನಗತೊಡಗಿದರು. ಯಾರೋ "ಸಾರ್, ಕೀ ಕೊಡಿ ಸಾರ್!" ಎಂದು ಕೂಗಿದರು. ನನ್ನ ಕಿವಿ ಬಿಸಿಯಾಯಿತು. ಇಳಿದವನೇ ಗೋಡೆಯ ಕರೆಂಟಿಗೆ ಹಾಕುವ ಚಾರ್ಜರು ತರಿಸಿದೆ.

"ಒಸಿ ತಡೀರಿ ಸಾರ್, ನಾನು ಕೊಡ್ತೀನಿ" ಎಂದು ಸವಿತಾ ಓಡಿ ಬಂದಳು.

"ಗೈಡ್ ಯಾರು? ನೀನೋ, ನಾನೋ?"

ಹುಡುಗಿ ನಿಂತಳು. ನಾನು ಬಗ್ಗಿದೆ. ಎದುರಿಗೆ ಎರಡು ವೈರು. ಎರಡೂ ನೀಲಿ! ಅತಿಥಿಗಳು ನೋಡುತ್ತಿದ್ದರು. ಪ್ರಾಂಶುಪಾಲರು ನೋಡುತ್ತಿದ್ದರು. ಹನ್ನೊಂದು ವರ್ಷದ ಅನುಭವದಿಂದ ಒಂದನ್ನು ಪ್ಲಸ್ ಎಂದು ಆರಿಸಿ ಚಾರ್ಜರಿಗೆ ಕೂಡಿಸಿದೆ.

ಟಪ್ ಎಂದಿತು. ಬೆಳ್ಳಗೆ ಹೊಗೆ. ಮೋಟಾರಿಗೆ ಕರೆಂಟು ಹಂಚುವ ಕಂಟ್ರೋಲರ್ ಎಂಬ ಪೆಟ್ಟಿಗೆ ಸುಟ್ಟು ಕರಕಲಾಯಿತು. ಅದನ್ನು ಅವರು ಪುಣೆಯಿಂದ ತರಿಸಿದ್ದರು. ಇನ್ನೊಂದು ಬರಲು ಹದಿನೈದು ದಿನ ಬೇಕು. ರೇಸಿಗೆ ಉಳಿದಿದ್ದದ್ದು ಎರಡು ದಿನ.

ಮರುದಿನ ಪ್ರಾಂಶುಪಾಲರ ಕೋಣೆಯಲ್ಲಿ ವಿಚಾರಣೆ. "ವೈರಿಂಗ್ ಯಾರದ್ದು?" ಎಂದು ಕೇಳಿದರು.

ನಾನು ಫ್ಯಾನು ನೋಡಿದೆ. ಒಳ್ಳೆಯ ಫ್ಯಾನು, ಮೂರು ರೆಕ್ಕೆ. ಸವಿತಾ ನನ್ನನ್ನು ನೋಡಿದಳು. ಆಮೇಲೆ, "ನಂದೇ ಸಾರ್" ಎಂದಳು. ವೈರಿಂಗ್ ಅವಳದ್ದೇ, ಸುಳ್ಳಲ್ಲ. ಚಾರ್ಜರನ್ನು ಉಲ್ಟಾ ಕೂಡಿಸಿರಬಹುದೇ ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ. ಶೆಡ್ಡಿನ ಕಡೆ ಸುಳಿಯಬಾರದು ಎಂದು ಹೇಳಿ ಅವಳನ್ನು ಕಳಿಸಿದರು. ಹೊರಗೆ ಮಂಜ ನನಗೆ ಕೇಳುವ ಹಾಗೇ ಅವಳಿಗೆ, "ಬುಡಕ್ಕಾ, ಇವ್ರೆಲ್ಲ ಇಂಗೇಯ" ಎಂದ.

ಒಂದು ವಾರ ಕಳೆದು, ಜಯಾಗೆ ನಡೆದದ್ದೆಲ್ಲ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಆ ಹುಡುಗಿ ವಾರದಿಂದ ಕಾಲೇಜಿಗೆ ಬರ್ತಿಲ್ಲ ಅಂತ ನೀವೇ ಹೇಳ್ತಿದ್ದೀರಿ. ಇನ್ನೂ ಊಟ ಹೆಂಗೆ ಸೇರುತ್ತೆ ನಿಮಗೆ?" ಎಂದು ಕೇಳಿ ಎದ್ದು ಹೋದಳು.

ಕಾಗದ ತೆಗೆದುಕೊಂಡು ತಪ್ಪೊಪ್ಪಿಗೆ ಬರೆದೆ. "ಸಂಪರ್ಕ ಕಲ್ಪಿಸುವ ಸಂದರ್ಭದಲ್ಲಿ ಧನ ಋಣಗಳ ಅನಪೇಕ್ಷಿತ ವ್ಯತ್ಯಯ ಸಂಭವಿಸಿದ ಕಾರಣ ಉಪಕರಣವು ಹಾನಿಗೊಳಗಾಗಿರುತ್ತದೆ." ನನಗೇ ಹೆಮ್ಮೆಯಾಯಿತು. ಅದನ್ನು ಹಿಡಿದು ಕಂಪಲಾಪುರಕ್ಕೆ ಬಸ್ಸು ಹತ್ತಿದೆ. ಸವಿತಾ ಹೊಲದಲ್ಲಿ ಬೇಲಿಯ ಬಳ್ಳಿ ಕೊಯ್ಯುತ್ತಿದ್ದಳು. ಕೈ ಒರೆಸಿಕೊಂಡು ಎರಡು ಸಲ ಓದಿದಳು.

"ಇದ್ರಲ್ಲಿ ಮಾಡ್ದೋರೇ ಇಲ್ವಲ್ಲ ಸಾರ್" ಎಂದಳು.

ಅಲ್ಲೇ ಬದುವಿನ ಮೇಲೆ ಕೂತು, ಅವಳ ಪೆನ್ನಿನಲ್ಲೇ ಇನ್ನೊಮ್ಮೆ ಬರೆದೆ. "ಬೇಡವೆಂದರೂ ಕೇಳದೆ ವೈರನ್ನು ಉಲ್ಟಾ ಕೊಟ್ಟವನು ನಾನು. ಸವಿತಾಳದ್ದು ತಪ್ಪಿಲ್ಲ." ಕನ್ನಡ ಇಷ್ಟು ಸುಲಭದ ಭಾಷೆ ಎಂದು ನನಗೆ ಅಂದೇ ಗೊತ್ತಾದದ್ದು. ನೋಟಿಸ್ ಬೋರ್ಡಿಗೆ ಅಂಟಿಸಿದೆ. ಕಾಲೇಜೆಲ್ಲ ಓದಿತು. ಪರೀಕ್ಷೆಯ ವೇಳಾಪಟ್ಟಿಯನ್ನೂ ಇಷ್ಟು ಶ್ರದ್ಧೆಯಿಂದ ಯಾರೂ ಓದಿದ್ದಿಲ್ಲ. ಸವಿತಾ ವಾಪಸು ಬಂದಳು. ಆದರೆ ಆ ವರ್ಷದ ರೇಸು ವಾಪಸು ಬರಲಿಲ್ಲ.

ಈ ವರ್ಷ ಅವರು ಮತ್ತೆ ಕಾರು ಕಟ್ಟುತ್ತಿದ್ದಾರೆ. ಗೈಡ್ ಎಲೆಕ್ಟ್ರಿಕಲ್ ವಿಭಾಗದ ಹೊಸ ಮೇಡಂ. ಮೊನ್ನೆ ಮಧ್ಯಾಹ್ನ ತಡೆಯಲಾರದೆ ಆ ಕಡೆ ಹೋದೆ. ಮೈದಾನದಲ್ಲಿ ಪ್ಯಾನೆಲ್ ಹರಡಿಕೊಂಡು ಸವಿತಾ ಮೀಟರ್ ನೋಡುತ್ತಿದ್ದಳು. ನಾನು ಹತ್ತಿರ ಹೋಗಿ ನಿಂತೆ. ಏನಾದರೂ ಸಲಹೆ ಕೇಳಬಹುದು ಎಂದು ಗಂಟಲು ಸರಿ ಮಾಡಿಕೊಂಡೆ.

ಅವಳು ತಲೆಯೆತ್ತದೆ, ಮರ್ಯಾದೆಯಿಂದಲೇ ಹೇಳಿದಳು:

"ಒಸಿ ಸರ್ಕಳಿ ಸಾರ್. ನಿಮ್ ನೆಳ್ಳು ಬೀಳ್ತಾ ಐತೆ."