ಸಕ್ಕರೆಯಿಲ್ಲದ ಸಾಸು ಮತ್ತು ಅಪ್ಪನ ಕುರ್ಚಿ

"ಇವತ್ತಿನಿಂದ ಈ ಮನೆಯೊಳಗೆ ಎರಡಕ್ಕೆ ಪ್ರವೇಶವಿಲ್ಲ. ಒಂದು ಸಕ್ಕರೆ, ಇನ್ನೊಂದು ಮೂಢನಂಬಿಕೆ," ಎಂದು ಲಿಫ್ಟಣ್ಣ ಭಾನುವಾರ ಬೆಳಿಗ್ಗೆ ಅಡುಗೆಮನೆಯ ನಡುವೆ ನಿಂತು ಘೋಷಿಸಿದ.

"ಮೂಢನಂಬಿಕೆ ಯಾವಾಗ ಬಂದಿತ್ತು ರೀ?" ಎಂದಳು ಹೆಂಡತಿ, ಪೇಪರಿನಿಂದ ತಲೆ ಎತ್ತದೆ.

"ಬಂದಿಲ್ಲ. ಬರೋದೂ ಬೇಡ ಅಂತ ಮೊದಲೇ ಹೇಳ್ದೆ."

ಲಿಫ್ಟಣ್ಣ ಎಂಬುದು ಗಿರಾಕಿಗಳು ಇಟ್ಟ ಹೆಸರು. ಇಪ್ಪತ್ತೆರಡು ವರ್ಷಗಳಿಂದ ಅವನದು ಲಿಫ್ಟು ರಿಪೇರಿ. ಖಾಲಿ ಲಿಫ್ಟು ತಾನಾಗಿ ಐದನೇ ಮಹಡಿಗೆ ಹೋಗುತ್ತದೆ, ಅಲ್ಲಿ ಬಾಗಿಲು ತೆರೆದು ಯಾರಿಗೋ ಕಾಯುತ್ತದೆ ಎಂದು ಜನ ನಡುಗುತ್ತ ಫೋನು ಮಾಡಿದಾಗಲೆಲ್ಲ, ಹೋಗಿ ಸಡಿಲವಾದ ಒಂದು ವೈರು ಬಿಗಿದು, "ಇಗೋ ನಿಮ್ಮ ದೆವ್ವ" ಎಂದು ತೋರಿಸಿ ಬರುವುದು ಅವನ ದೊಡ್ಡಸ್ತಿಕೆ. ಆದರೆ ಹೋದ ವಾರ, ತಾನೇ ರಿಪೇರಿ ಮಾಡಿದ ಲಿಫ್ಟಿನೊಳಗೆ ಅವನು ಕಾಲಿಟ್ಟ ಕೂಡಲೇ ಅದು ಭಾರ ಜಾಸ್ತಿಯಾಯಿತೆಂದು ಕಿರುಚಿಕೊಂಡಿತು. ಒಳಗಿದ್ದವರು ಒಟ್ಟು ನಾಲ್ಕೇ ಜನ. ಉಳಿದ ಮೂವರೂ ಅವನ ಹೊಟ್ಟೆಯನ್ನೇ ನೋಡಿದರು. ಈ ಸಲ ಬಿಗಿಯಲು ಯಾವ ವೈರೂ ಸಿಗಲಿಲ್ಲ.

ಹಾಗಾಗಿ ಪೇಲಿಯೊ ಡಯಟ್. ಅಂದರೆ ಉಳುಮೆ ಗೊತ್ತಿಲ್ಲದ ಕಾಲದ ಮನುಷ್ಯ ಏನು ತಿನ್ನುತ್ತಿದ್ದನೋ ಅಷ್ಟೇ: ಮಾಂಸ, ಸೊಪ್ಪು, ಹಣ್ಣು, ಬೀಜ. ಎರಡು ದಿನ ಸುಟ್ಟ ಕೋಳಿ ತಿಂದ ಲಿಫ್ಟಣ್ಣನಿಗೆ ಆದಿಮಾನವ ಯಾಕೆ ಅಷ್ಟು ಬೇಗ ಸಾಯುತ್ತಿದ್ದ ಎಂಬುದು ಅರ್ಥವಾಯಿತು. ನಂಜಿಕೊಳ್ಳಲು ಬಾರ್ಬೆಕ್ಯೂ ಸಾಸು ಇಲ್ಲದೆ ಅದು ಗಂಟಲಲ್ಲಿ ಇಳಿಯುವ ಪದಾರ್ಥವಲ್ಲ. ಅಂಗಡಿಯ ಬಾಟಲಿಯಲ್ಲಿ ನೋಡಿದರೆ ಮೊದಲ ಹೆಸರೇ ಸಕ್ಕರೆ. ಸರಿ, ಮನೆಯಲ್ಲೇ ಮಾಡಿದರಾಯಿತು.

"ಗುಹೆಯಲ್ಲಿ ಮಿಕ್ಸಿ ಇತ್ತೇನ್ರೀ?" ಎಂದು ಹೆಂಡತಿ ಕೇಳಿದ್ದನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಟೊಮೇಟೊ, ಈರುಳ್ಳಿ, ಒಂದು ಹಿಡಿ ಬೆಳ್ಳುಳ್ಳಿ, ಲವಂಗ, ಒಣಮೆಣಸಿನಕಾಯಿ, ಸಿಹಿಗೆಂದು ಎರಡೇ ಎರಡು ಖರ್ಜೂರ, ಮತ್ತು ಕೈ ತಪ್ಪಿ ಅರ್ಧ ಬಾಟಲಿ ವಿನೆಗರ್. ಹೊಗೆಯ ವಾಸನೆ ಹಿಡಿಯಲು ಕಬ್ಬಿಣದ ಬಾಣಲೆಯಲ್ಲಿ ಕಟ್ಟಿಗೆ ಚೂರು ಹೊತ್ತಿಸಿ ಪಾತ್ರೆಯ ಪಕ್ಕ ಇಟ್ಟ. ಹೊಗೆ ಕಿಟಕಿಯತ್ತ ಹೋಗಬೇಕಿತ್ತು. ಅದು ಹೋಗಲಿಲ್ಲ. ನೆಲದ ಮೇಲೆಯೇ ಮೆಲ್ಲಗೆ ತೆವಳಿಕೊಂಡು, ಹಜಾರ ದಾಟಿ, ಮೂಲೆಯಲ್ಲಿದ್ದ ಅಮ್ಮನ ಕೋಣೆಯ ಬಾಗಿಲ ಸಂದಿಯಲ್ಲಿ ನುಗ್ಗಿತು.

ಅಪ್ಪ ತೀರಿಕೊಂಡ ಮೂರು ವರ್ಷಗಳಿಂದ ಅಮ್ಮ ಆ ಕೋಣೆಯಿಂದ ಊಟಕ್ಕೆ, ಸ್ನಾನಕ್ಕೆ ಬಿಟ್ಟರೆ ಬರುತ್ತಿರಲಿಲ್ಲ. ಮಾತೂ ಅಷ್ಟಕ್ಕಷ್ಟೇ. ಸ್ವಲ್ಪ ಹೊತ್ತಿಗೆ ಬಾಗಿಲು ಕಿರ್ರೆಂದಿತು. ಹೊಗೆಯ ನಡುವೆ ಅಮ್ಮ ನಿಂತಿದ್ದಳು. ತಲೆ ಬಾಚಿ, ಹೊಸ ಸೀರೆ ಉಟ್ಟಿದ್ದಳು. ಮುಖ ನಗುತ್ತಿತ್ತು.

"ಅವರು ಬಂದ್ರಾ?" ಎಂದಳು.

"ಯಾರಮ್ಮ?"

"ನಿಮ್ಮಪ್ಪ ಕಣೋ. ವಾಸನೆ ಗೊತ್ತಾಗಲ್ವಾ ನಿನಗೆ?"

ಲಿಫ್ಟಣ್ಣನ ಕೈಯಲ್ಲಿದ್ದ ಸೌಟು ನಿಂತಿತು. ಅಪ್ಪ ಲಾಂಡ್ರಿಯ ಬಾಯ್ಲರಿಗೆ ಕಟ್ಟಿಗೆ ಹಾಕುತ್ತಿದ್ದವನು. ಮೈಯೆಲ್ಲ ಹೊಗೆ. ಬಾಯ್ಲರಿನ ಕೊಳವೆಗೆ ಕಟ್ಟಿದ ಬಿಳಿ ಸುಣ್ಣ ತೆಗೆಯಲು ವಿನೆಗರ್. ಕೆಮ್ಮಿಗೆ ಹಸಿ ಬೆಳ್ಳುಳ್ಳಿ. ಹಲ್ಲುನೋವಿಗೆ ಸದಾ ದವಡೆಯಲ್ಲೊಂದು ಲವಂಗ. ಸಂಜೆ ಅಪ್ಪ ಮನೆಗೆ ಬಂದಾಗ ಹಜಾರ ತುಂಬುತ್ತಿದ್ದ ವಾಸನೆ ಇದೇ, ಚಾಚೂ ತಪ್ಪದೆ ಇದೇ.

"ಅಮ್ಮ, ಅದು..." ಎಂದ. ಸಾಸು ಎಂಬ ಮಾತು ಬಾಯಿಂದ ಹೊರಡಲಿಲ್ಲ. ಮೂರು ವರ್ಷಗಳಿಂದ ಕಾಣದ ನಗುವಿನ ಮುಂದೆ ಆ ಮಾತು ಹೇಳುವ ಗಟ್ಟಿತನ ಅವನಿಗಿರಲಿಲ್ಲ.

ಅಮ್ಮ ಮಂಚದಡಿಯಿಂದ ಅಪ್ಪನ ಚಪ್ಪಲಿ ತಂದು ಹಜಾರದಲ್ಲಿದ್ದ ಕುರ್ಚಿಯ ಮುಂದೆ ಜೋಡಿಸಿದಳು. ಹಳೇ ಬಾಯ್ಲರಿನ ತಗಡು ಬಡಿದು ಅಪ್ಪ ತಾನೇ ಮಾಡಿಕೊಂಡ ಕಬ್ಬಿಣದ ಕುರ್ಚಿ ಅದು, ಜರುಗಿಸಲು ಇಬ್ಬರು ಬೇಕು. ಸಂಜೆಗೆ ವಾಸನೆ ಕರಗಿತು. "ಹೊರಟುಬಿಟ್ರಾ?" ಎಂದು ಅಮ್ಮ ಬಾಡಿದ ಮುಖದಲ್ಲಿ ಕೇಳಿದಳು.

ಮುಂದಿನ ಭಾನುವಾರ ಮತ್ತೆ ಸಾಸು ಮಾಡಿದ. ಆಮೇಲೆ ಬುಧವಾರವೂ. ಆಮೇಲೆ ದಿನ ಬಿಟ್ಟು ದಿನ. ಕಪಾಟಿನ ತುಂಬ ಕಡುಗೆಂಪು ಬಾಟಲಿಗಳು ಸಾಲುಗಟ್ಟಿದವು.

"ಅತ್ತೆಗೆ ನಿಜ ಹೇಳಿಬಿಡ್ರೀ," ಎಂದಳು ಹೆಂಡತಿ. "ಇದು ಎಲ್ಲಿಗೆ ಹೋಗಿ ಮುಟ್ಟುತ್ತೆ?"

"ಹೇಳ್ತೀನಿ. ಈ ವಾರ ಹೋಗ್ಲಿ."

ಅಷ್ಟರಲ್ಲಿ ಬೇರೆಯೇ ಶುರುವಾಯಿತು. ಕಿಟಕಿಗೆ ಮುಖ ಮಾಡಿದ್ದ ಅಪ್ಪನ ಕುರ್ಚಿ ಒಂದು ಸಂಜೆ ಬಾಗಿಲಿಗೆ ಮುಖ ಮಾಡಿತ್ತು. ಲಿಫ್ಟಣ್ಣ ಏದುಸಿರು ಬಿಡುತ್ತ ಅದನ್ನು ಹಿಂದಕ್ಕೆ ತಿರುಗಿಸಿದ. ಎರಡು ದಿನ ಬಿಟ್ಟು ನೋಡಿದರೆ ಮತ್ತೆ ಬಾಗಿಲಿಗೆ. ನೆಲ ಇಳಿಜಾರು ಇರಬೇಕೆಂದು ರಸಮಟ್ಟ ತಂದು ಇಟ್ಟ. ಗಾಜಿನ ನಳಿಗೆಯೊಳಗಿನ ಗುಳ್ಳೆ ಸರಿಯಾಗಿ ನಡುಮಧ್ಯೆ ನಿಂತು ಅವನನ್ನೇ ನೋಡಿತು. ಕುರ್ಚಿಯ ಕಾಲ ಸುತ್ತ ಸೀಮೆಸುಣ್ಣದಿಂದ ಗುರುತು ಹಾಕಿದ. ಮರುದಿನ ಗುರುತು ಅಳಿಸಿರಲಿಲ್ಲ, ಕುರ್ಚಿ ಮಾತ್ರ ಅದರೊಳಗೆ ಇರಲಿಲ್ಲ.

ಸಾಸಿನದು ಇನ್ನೊಂದು ಸೋಜಿಗ. ಮಾಡಿದ ದಿನ ಹಲ್ಲು ಚುಳ್ ಎನ್ನುವಷ್ಟು ಹುಳಿ. ಮರುದಿನ ಅದೇ ಬಾಟಲಿ ಅಮೃತ. "ಕೈ ಪಳಗಿತು ನೋಡು," ಎಂದು ಲಿಫ್ಟಣ್ಣ ಹೆಂಡತಿಯ ಮುಂದೆ ಮೀಸೆ ತಿರುವಿ, ಸೌಟುಗಟ್ಟಲೆ ಸುರಿದುಕೊಂಡು ತಿಂದ. ಪ್ಯಾಂಟು ಬಿಗಿಯಾಗತೊಡಗಿತು. ಅದು ಸ್ನಾಯು ಬೆಳೆಯುತ್ತಿರುವ ಲಕ್ಷಣ ಎಂದು ವಿವರಿಸಿದ. ಐದನೇ ವಾರ ಲಿಫ್ಟು ಮತ್ತೆ ಕಿರುಚಿತು. ಈ ಸಲ ಒಳಗಿದ್ದವರು ಮೂರು ಜನ.

ಆ ಮಂಗಳವಾರ ಅವನು ಮಧ್ಯಾಹ್ನವೇ ಮನೆಗೆ ಹೊರಟ. ಎರಡು ದಿನಗಳಿಂದ ಒಲೆಯ ಮೇಲೆ ಸಾಸು ಇಟ್ಟಿರಲಿಲ್ಲ. ಹೆಂಡತಿ ಲೈಬ್ರರಿಯಲ್ಲಿ ಕೆಲಸಕ್ಕೆ ಹೋಗಿದ್ದಳು. ಆದರೂ ಮೆಟ್ಟಿಲು ಹತ್ತುವಾಗಲೇ ಅಪ್ಪನ ವಾಸನೆ ಎದುರಿಗೆ ಬಂತು. ಬೀಗ ತೆಗೆದ. ಹಜಾರದ ತುಂಬ ಮಬ್ಬು. ಕುರ್ಚಿ ಬಾಗಿಲಿಗೆ ಮುಖ ಮಾಡಿ, ಬಾರೋ ಎನ್ನುವಂತೆ ಕೂತಿತ್ತು. ಮುಂದೆ ಚಪ್ಪಲಿ ಇರಲಿಲ್ಲ.

ಒಳಗಿನಿಂದ ಸದ್ದು ಬಂತು. ಚಟ್, ಚಟ್, ಚಟ್. ಅಪ್ಪ ಹಿಮ್ಮಡಿ ಎಳೆದು ನಡೆಯುತ್ತಿದ್ದ ಹಾಗೆಯೇ. ಇಪ್ಪತ್ತೆರಡು ವರ್ಷ ದೆವ್ವಗಳನ್ನು ಸ್ಕ್ರೂಡ್ರೈವರಿನಲ್ಲಿ ಓಡಿಸಿದವನು ಕುರ್ಚಿಯನ್ನು ಸುತ್ತುಹಾಕಿ, ಗೋಡೆ ಹಿಡಿದು, ಅಡುಗೆಮನೆಗೆ ಇಣುಕಿದ.

ಅಮ್ಮ ಅಪ್ಪನ ಚಪ್ಪಲಿ ಮೆಟ್ಟಿಕೊಂಡು ಸಾಸು ತಿರುಗಿಸುತ್ತಿದ್ದಳು. ಪಕ್ಕದಲ್ಲಿ ಸಕ್ಕರೆ ಡಬ್ಬಿ ಬಾಯಿ ತೆರೆದಿತ್ತು.

"ಬಂದ್ಯಾ? ನೀನು ಎರಡು ದಿನದಿಂದ ಮಾಡ್ಲಿಲ್ಲ ಅಂತ ನಾನೇ ಇಟ್ಟೆ. ನೆಲ ತಣ್ಣಗಿದೆ ಅಂತ ಇದನ್ನ ಹಾಕ್ಕೊಂಡೆ," ಎಂದಳು.

"ಅಮ್ಮ, ಸಕ್ಕರೆ..."

"ಮೊದಲಿಂದ ನಾನೇ ಹಾಕ್ತಿದ್ದೆ. ನೀನು ಮಾಡಿದ್ದನ್ನ ಬಾಯಿಗಿಡೋಕೆ ಆಗ್ತಿರ್ಲಿಲ್ಲ ಕಣೋ."

ಲಿಫ್ಟಣ್ಣ ಬಾಗಿಲ ಚೌಕಟ್ಟಿಗೆ ಒರಗಿದ. "ಹಾಗಾದ್ರೆ ಇದು ಸಾಸು ಅಂತ ನಿನಗೆ ಗೊತ್ತಿತ್ತಾ?"

"ಮೊದಲನೇ ದಿನ ಗೊತ್ತಿರ್ಲಿಲ್ಲ. ನಿಜವಾಗ್ಲೂ ಅವರೇ ಅಂದ್ಕೊಂಡೆ. ಎರಡನೇ ಸಲ ಪಾತ್ರೆ ನೋಡ್ದೆ." ಅಮ್ಮ ಒಲೆ ಸಣ್ಣ ಮಾಡಿದಳು. "ಅಪ್ಪ ಹೋದಾಗ ನೀನು ಒಂದು ತೊಟ್ಟು ಕಣ್ಣೀರು ಹಾಕ್ಲಿಲ್ಲ. ಈಗ ದಿನ ಬಿಟ್ಟು ದಿನ ಅವರ ವಾಸನೆ ಮಾಡ್ಕೊಂಡು ಒಲೆ ಮುಂದೆ ನಿಂತಿರ್ತೀಯ. ಪಾಪ, ಈಗ್ಲಾದ್ರೂ ನೆನೆಸ್ಕೊಳ್ತಿದ್ದಾನಲ್ಲ, ಇದನ್ನ ಕೆಡಿಸೋದು ಬೇಡ ಅಂತ ಸುಮ್ನಿದ್ದೆ."

ಮೂರು ವರ್ಷ ತಡವಾಗಿ, ಹೊಗೆಯ ನೆಪ ಹೇಳುವ ಅವಕಾಶವಿದ್ದರೂ ಹೇಳದೆ, ಲಿಫ್ಟಣ್ಣ ತಾಯಿಯ ಎದುರಿಗೆ ನಿಂತು ಚೆನ್ನಾಗಿ ಅತ್ತ. ಮೂಗು ಒರೆಸಿಕೊಂಡ ಮೇಲೆ ಮನಸ್ಸು ಹಗುರಾಯಿತು. ಎಲ್ಲ ವೈರೂ ಸಿಕ್ಕಿದಂತಾಯಿತು.

"ಅದು ಸರಿ," ಎಂದ ನಗುತ್ತ, "ಆ ಕುರ್ಚೀನ ಒಬ್ಬಳೇ ಹೇಗೆ ತಿರುಗಿಸ್ತಿದ್ದೆ?"

ಅಮ್ಮನ ಕೈ ನಿಂತಿತು. "ಕುರ್ಚಿ ನಾನ್ಯಾಕೆ ಮುಟ್ಲಿ? ನೀನು ತಿರುಗಿಸ್ತೀಯ ಅಂತ ನಾನು ಅಂದ್ಕೊಂಡಿದ್ದೆ."

ಪಾತ್ರೆಯಲ್ಲಿ ಸಾಸು ಗುಳುಗುಳು ಎಂದಿತು. ಮುಂಬಾಗಿಲ ಸದ್ದಾಯಿತು. ಹೆಂಡತಿ ಎರಡೂ ಕೈಯಲ್ಲಿ ಚೀಲ ಹಿಡಿದುಕೊಂಡು ಹೊಸಿಲ ಬಳಿಯೇ ನಿಂತಳು.

"ಏನ್ರೀ, ಕುರ್ಚಿ ಇವತ್ತು ಅಡುಗೆಮನೆ ಕಡೆ ತಿರುಗಿದೆ?"

ಲಿಫ್ಟಣ್ಣ ತಿರುಗಿ ನೋಡಲಿಲ್ಲ. ಎಲ್ಲಾದರೂ ಒಂದು ಸಡಿಲ ವೈರು ಸಿಗುತ್ತದೆಯೋ ಎಂದು ತಲೆಯೊಳಗೆ ತಡಕಾಡಿದ. ಆಮೇಲೆ ಮೆಲ್ಲಗೆ ಕಪಾಟಿನಿಂದ ತಟ್ಟೆ ಇಳಿಸಿದ. ಒಂದು, ಎರಡು, ಮೂರು. ಸ್ವಲ್ಪ ತಡೆದು ನಾಲ್ಕನೆಯದನ್ನೂ ಇಳಿಸಿ, ಅದಕ್ಕೆ ಎಲ್ಲಕ್ಕಿಂತ ಮೊದಲು ಸಾಸು ಬಡಿಸಿ, ಮೇಲೆ ಡಬ್ಬಿಯ ಸಕ್ಕರೆ ಉದುರಿಸಿದ.

"ಸಕ್ಕರೆ ಸಾಕಾಗಿದೆಯಾ ನೋಡೋ. ಅವರಿಗೆ ಹುಳಿ ಆಗಲ್ಲ," ಎಂದಳು ಅಮ್ಮ.

"ಸಾಕಾಗಿದೆಯಮ್ಮ," ಎಂದ ಲಿಫ್ಟಣ್ಣ, ದನಿ ಸ್ವಲ್ಪ ಏರಿಸಿ, ಕುರ್ಚಿಗೂ ಕೇಳಿಸುವ ಹಾಗೆ. "ಎರಡು ಚಮಚ ಜಾಸ್ತೀನೇ ಹಾಕಿದ್ದೀನಿ."