ರೆಗ್ಯುಲೇಟರ್ ಇಲ್ಲದೆ ನೀರಿಗಿಳಿದವರು

ಒಳ್ಳೆಯ ನಡತೆ ಮನುಷ್ಯರನ್ನು ಎಷ್ಟು ಕೆಡಿಸುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ಅಬಿಡ್ಸ್ ಕಡೆಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ಹತ್ತು ವರ್ಷ ನನಗೆ ಕಲಿಸಿದ್ದು ಒಂದೇ: ಇನ್ನೊಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು. ನನ್ನ ಯಜಮಾನರು ಮಾತು ನಿಲ್ಲಿಸುವುದೇ ಇಲ್ಲ ಎಂದು ಮದುವೆಯಾದ ಮೇಲೆ ತಿಳಿಯಿತು. ಹಾಗಾಗಿ ನಮ್ಮ ಮನೆಯ ಎಷ್ಟೋ ಅನಾಹುತಗಳನ್ನು ನಾನು ಮುಂಚಿತವಾಗಿಯೇ ನೋಡಿರುತ್ತೇನೆ, ಹೇಳಿರುವುದಿಲ್ಲ.

ಆಗ ನಮ್ಮೂರ ಅಂಚಿನ ಗಚ್ಚಿಬೌಲಿಯಲ್ಲಿ ತಿಂಗಳಿಗೊಂದು ಸಾಫ್ಟ್‌ವೇರ್ ಕಂಪನಿಯ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಯಜಮಾನರ ಕಂಪನಿಯವರು ಎಲ್ಲರನ್ನೂ ಸಂಸಾರ ಸಮೇತ ಅಂಡಮಾನಿಗೆ ಕರೆದೊಯ್ದು, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ ಸಮುದ್ರದೊಳಕ್ಕೆ ಇಳಿಸುವವರಿದ್ದರು. ಅಲ್ಲಿ ತಂಡದ ನಾಯಕನಾದವನೇ ಮುಂದಿನ ದೊಡ್ಡ ಪ್ರಾಜೆಕ್ಟಿಗೂ ನಾಯಕ ಎಂದು ಕ್ಯಾಂಟೀನಿನಲ್ಲಿ ಸುದ್ದಿ. ಇವರು ಆರು ವರ್ಷದಿಂದ ಆ ಕುರ್ಚಿಯ ಮೇಲೆ ಕಣ್ಣಿಟ್ಟವರು. ಕೂಡಲೇ ತರಬೇತಿಗೆ ಸೇರಿದರು, ಇಂಟರ್‌ನೆಟ್ಟಿನಲ್ಲಿ ಮುಳುಗಿದರು. ಮೂರು ವಾರ ಊಟದ ತಟ್ಟೆಯ ಮುಂದೆ ನನಗೆ ಬಡಿಸಿದ್ದೆಲ್ಲ ಗಾಳಿ, ಒತ್ತಡ, ಶ್ವಾಸಕೋಶ. ಕೊನೆಗೊಂದು ದಿನ, ಸಿಲಿಂಡರಿನ ಗಾಳಿಯನ್ನು ಹದಮಾಡಿ ಬಾಯಿಗೆ ಕೊಡುವ ರೆಗ್ಯುಲೇಟರ್ ಕೈಕೊಟ್ಟರೂ ಸಿಲಿಂಡರಿನ ಬಾಯಿಂದ ಉಕ್ಕುವ ಗುಳ್ಳೆಗಳನ್ನೇ ಗುಟುಕು ಗುಟುಕಾಗಿ ಹೀರಿ ಬದುಕಬಹುದೆಂದು ಎಲ್ಲೋ ಓದಿ ಬಂದರು. ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ಅದನ್ನು ಮಾಡಿ ತೋರಿಸುವುದೆಂದು ತೀರ್ಮಾನವಾಯಿತು. ಸಿ ಬ್ಲಾಕಿನಲ್ಲಿರುವ ಅವರ ಡೈರೆಕ್ಟರನ್ನು ಪತ್ನಿಸಮೇತ ಕರೆದೂ ಆಯಿತು.

"ರೆಗ್ಯುಲೇಟರ್ ಕೊಟ್ಟಾರಲ್ಲರೀ, ಹಾಕ್ಕೊಂಡ್ರ ಏನಾಗ್ತದ?" ಎಂದೆ.

"ಹಾಕ್ಕೊಂಡು ಎಲ್ಲಾರೂ ಇಳೀತಾರ. ಲೀಡರ್ ಆದಾಂವ ಹಾಕ್ಕೊಳ್ಳದ ಇಳೀಬೇಕು."

ಪಕ್ಕದಲ್ಲಿ ಮೆಂತ್ಯ ಸೊಪ್ಪು ಸೋಸುತ್ತಿದ್ದ ನಮ್ಮತ್ತೆ ತಲೆ ಎತ್ತದೆ ಹೇಳಿದರು: "ಅಡಿಗಿಮನ್ಯಾಗಿನ ಸಿಲಿಂಡರಿಗೂ ರೆಗ್ಯುಲೇಟರ್ ಬೇಕಾಗೈತಿ. ಇಂವಗ ಬ್ಯಾಡಂತ."

ಅತ್ತೆ ಕಲಬುರಗಿ ಕಡೆಯವರು. ಮನೆಗೆ ಮಿಕ್ಸಿ ಬರಲಿ, ಕಂಪ್ಯೂಟರ್ ಬರಲಿ, ಪೂಜೆಯಾಗದೆ ಗುಂಡಿ ಒತ್ತುವಂತಿಲ್ಲ. ಭಾನುವಾರ ಬೆಳಿಗ್ಗೆ ಬಾಡಿಗೆಗೆ ತಂದ ಹಳದಿ ಸಿಲಿಂಡರು ನಡುಮನೆಯಲ್ಲಿ ನಿಂತಿತ್ತು. ಅತ್ತೆ ಅದಕ್ಕೆ ವಿಭೂತಿ ಎಳೆದು, ದಾರ ಕಟ್ಟಿ, "ಮಗನ ಜೀವಾ ಇದರ ಬಾಯಾಗ ಐತಿ, ಬಾಯಿಗೇ ಹಚ್ಚಬೇಕು" ಎಂದು ಗಾಳಿ ಬರುವ ತೂತಿಗೆ ಕುಂಕುಮವನ್ನು ಬೆರಳಿನಿಂದ ಒತ್ತಿ ಒತ್ತಿ ತುಂಬಿದರು. ನಾನು ನೋಡಿದೆ. ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಇವರು ಫೋನಿನಲ್ಲಿ ಡೈರೆಕ್ಟರಿಗೆ ಧೈರ್ಯದ ಬಗ್ಗೆ ಹೇಳುತ್ತಿದ್ದರು. ನಡುವೆ ಬಾಯಿ ಹಾಕಲಿಲ್ಲ. ಕೊಳದ ಆಳವೂ ನಾಲ್ಕೇ ಅಡಿ, ವಿಧವೆಯಾಗುವಷ್ಟು ನೀರಲ್ಲ.

ಇವರು ಸಿಲಿಂಡರನ್ನು ಮಗುವಿನಂತೆ ತಬ್ಬಿಕೊಂಡು ಮುಳುಗಿದರು. ಮುಖವನ್ನು ಅದರ ಬಾಯಿಗೆ ಹಚ್ಚಿ ವಾಲ್ವ್ ತಿರುಗಿಸಿದ್ದೇ ತಡ, ಭುಸ್ಸೆಂದು ಗುಳ್ಳೆಗಳೆದ್ದು ನೀರು ಕೆಂಪಾಯಿತು. ಡೈರೆಕ್ಟರರ ಪತ್ನಿ ಕಣ್ಣು ಮುಚ್ಚಿಕೊಂಡರು. ವಾಚ್‌ಮನ್ ಯಾದಯ್ಯ "ಸಾರ್‌ಕಿ ರಕ್ತಂ ವಸ್ತುಂದಿ" ಎನ್ನುತ್ತ ಯೂನಿಫಾರ್ಮಿನಲ್ಲೇ ಧುಮುಕಿ, ಇವರನ್ನು ಕಂಕುಳಿಗೆ ಕೈಹಾಕಿ ಎತ್ತಿ ನಿಲ್ಲಿಸಿದ. ನೀರು ಇವರ ಎದೆಯವರೆಗಿತ್ತು. ಮೂಗು, ಹಲ್ಲು, ಮೀಸೆ ಎಲ್ಲ ಕುಂಕುಮ. ಕೆಮ್ಮಿನ ನಡುವೆ ಹೊರಟ ಮೊದಲ ಮಾತು, "ಸರ್, ಇನ್ನೊಂದ್ಸಲ ತೋರಸ್ತೀನ್ರಿ."

"ಈಗ ಪೂಜಾ ಮುಟ್ಟಿತು ನೋಡು," ಎಂದರು ಅತ್ತೆ ನೆಮ್ಮದಿಯಿಂದ.

ಡೈರೆಕ್ಟರು ಮಾತ್ರ ಗಂಭೀರವಾಗಿ ನನ್ನ ಕಡೆ ತಿರುಗಿ ಇದರಲ್ಲಿ ಅಪಾಯವೇನೆಂದು ಕೇಳಿದರು. ಇವರು ಕೆಮ್ಮುತ್ತಿದ್ದರಲ್ಲ, ಮದುವೆಯಾದ ಮೇಲೆ ಮೊದಲ ಬಾರಿಗೆ ಮಾತಿಗೆ ಜಾಗ ಸಿಕ್ಕಿತು. ಮೂರು ವಾರ ಕಿವಿಗೆ ಬಿದ್ದದ್ದನ್ನೆಲ್ಲ ಕಾನ್ವೆಂಟ್ ಇಂಗ್ಲಿಷಿನಲ್ಲಿ ಒಪ್ಪಿಸಿದೆ: ಆಳದಿಂದ ಏಳುವಾಗ ಉಸಿರು ಬಿಗಿಹಿಡಿದರೆ ಶ್ವಾಸಕೋಶಕ್ಕೆ ಏನಾಗುತ್ತದೆ, ಗುರುವಿಲ್ಲದೆ ಯಾರೂ ಇದಕ್ಕೆ ಏಕೆ ಕೈಹಾಕಬಾರದು, ಎಲ್ಲ. ಅವರು ತಲೆದೂಗಿದರು. "ಮೇಡಂ, ತಂಡಕ್ಕೆ ನೀವೇ ಲೀಡರ್ ಆಗಿ. ಇವರು ದಡದಲ್ಲಿ ಟವೆಲ್ ನೋಡಿಕೊಳ್ಳಲಿ. ನಿಮಗೆ ಡೈವಿಂಗ್ ಅಭ್ಯಾಸ ಇದೆ ತಾನೆ?"

ಇವರ ಕೆಂಪು ಮುಖ ಬಿಳಿಚಿಕೊಂಡಿತು. ಪಾಪ, ಆರು ವರ್ಷದ ಕುರ್ಚಿ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಷವರಿನ ಕೆಳಗೆ ನಿಂತಾಗಲೂ ನಾನು ಮೂಗು ಹಿಡಿದುಕೊಳ್ಳುವವಳು. ತಂಬಿಗೆಯಲ್ಲಿ ಮುಖ ಅದ್ದಿದರೂ ಜೀವ ಬಾಯಿಗೆ ಬರುತ್ತದೆ. ಕೊಳದ ಸುತ್ತ ಇಡೀ ಅಪಾರ್ಟ್‌ಮೆಂಟು ನನ್ನನ್ನೇ ನೋಡುತ್ತಿತ್ತು. ಸೆರಗು ಸರಿಮಾಡಿಕೊಂಡು, "ಸ್ವಲ್ಪ ಇದೆ, ಸರ್" ಎಂದೆ.